ಈಜುಕೊಳದಲ್ಲಿ ನಡೆಯಬಾರದಂತೆ!

ಮಾನ್ಯ ಮಿತ್ರರೇ,

ಹಾಸನದ ಈಜುಕೊಳವೊಂದರಲ್ಲಿ ಇಂದು ಬೆಳಿಗ್ಗೆ ನನಗಾದ ಅವಮಾನವನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ನೆಲದ ಮೇಲೆ ಕೋಲಿಲ್ಲದೆ ಹೆಜ್ಜೆಯಿಡಲಾರದ ನಾನು ಎದೆಮಟ್ಟದ ನೀರಿನಲ್ಲಿ ನೆಟ್ಟಗೆ ನಡೆಯಬಲ್ಲೆನು. ವೈದ್ಯರು ಹೇಳಿದ ಈ ವ್ಯಾಯಾಮದಿಂದ ಮಂಡಿನೋವು ತಗ್ಗಿದೆ, ನಿದ್ರೆ ಹತ್ತುತ್ತಿದೆ, ಮನೆಯವರ ಮೇಲೆ ರೇಗುವುದೂ ನಿಂತಿದೆ.

ಇಂದು ಕೊಳ ನೋಡಿಕೊಳ್ಳುವವನು ಸೀಟಿ ಊದಿ, ಏಕವಚನದಲ್ಲೇ ಗದರಿದನು: "ತಾತ, ಈಜಂಗಿದ್ರೆ ಈಜು. ವಾಕಿಂಗ್‌ಗೆ ಪಾರ್ಕ್ ಐತೆ, ಓಗು!"

"ಮಂಡಿನೋವಿಗೆ ನೀರಲ್ಲೇ ನಡೀರಿ ಅಂತ ಡಾಕ್ಟ್ರು ಯೋಳವ್ರೆ ಕಣಯ್ಯ!" ಎಂದೆನು.

"ಅಂಗಾರೆ ಮಕ್ಳ ಪೂಲಲ್ಲಿ ನಡಿ, ಅಲ್ಲಿ ಯಾರೂ ಕೇಳಕಿಲ್ಲ."

ಈಜುತ್ತಿದ್ದವರೆಲ್ಲ ನಕ್ಕರು. ನನ್ನನ್ನು ಮೇಲೆ ಹತ್ತಿಸಿಯೇ ಬಿಟ್ಟನು.

ಮಕ್ಕಳ ಕೊಳದ ನೀರು ನನ್ನ ಕಣಕಾಲನ್ನೂ ದಾಟುವುದಿಲ್ಲ. ಆದಕಾರಣ, ನನ್ನ ಎರಡೂ ಮಂಡಿಗಳನ್ನು ಕಣಕಾಲಿನ ಕೆಳಕ್ಕೆ ಇಳಿಸಿಕೊಡಲು ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕಾಗಿ ಆಗ್ರಹಪೂರ್ವಕವಾಗಿ ವಿನಂತಿಸುತ್ತೇನೆ.