ಉಡಿದಾರಕ್ಕೆ ಕೂಗುವ ಯಂತ್ರ

ಎಲ್ಲಾದರೂ ಮೊಬೈಲು 'ಕುಂಯ್' ಅಂದರೆ ಸಾಕು, ನನ್ನ ಎರಡೂ ಕೈ ತಾವಾಗಿ ಮುಂದಕ್ಕೆ ಚಾಚುತ್ತವೆ, ಪೈಪು ಹಿಡಿಯುವವನ ಹಾಗೆ. ಮೊನ್ನೆ ತಿಪಟೂರಿನ ಬ್ಯಾಂಕಿನಲ್ಲಿ ಸಾಲು ನಿಂತಿದ್ದಾಗ ಹೀಗೇ ಆಗಿ ಮುಂದಿದ್ದವರ ಷರಟು ಹಿಡಿದುಬಿಟ್ಟೆ. ಅವರು ತಿರುಗಿ ನೋಡಿದರು. 'ಕ್ಷಮಿಸಿ, ನಮ್ಮ ಭಾವ ಮುಳುಗಿದ ಹಾಗಾಯಿತು' ಎಂದು ಹೇಳಲಾದೀತೆ? ಕೆಮ್ಮಿ ಷರಟು ಬಿಟ್ಟೆ.

ನಮ್ಮ ಸೀಮೆಯಲ್ಲಿ ನೀರು ಹುಡುಕುವವರಿಗೆ ಬರವಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ತೋಟವೆಲ್ಲ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ನಾವು ಬೋರು ಕೊರೆಸುತ್ತೇವೆ. ಆದರೆ ನೀರಿನೊಳಗೆ ಬಿದ್ದದ್ದನ್ನು ಹುಡುಕುವ ವಿದ್ಯೆ ಮಾತ್ರ ಪಾತಾಳಗರಡಿಗೇ ನಿಂತುಹೋಗಿದೆ. ನೋಡದವರಿಗೆ ಹೇಳುತ್ತೇನೆ: ಅದು ಕಬ್ಬಿಣದ ಕೊಕ್ಕೆಗಳ ಗೊಂಚಲು. ಹಗ್ಗ ಕಟ್ಟಿ ಬಾವಿಗೆ ಬಿಟ್ಟರೆ ಮುಳುಗಿದ ಕೊಡವನ್ನು ಕಚ್ಚಿಕೊಂಡು ಮೇಲೆ ಬರುತ್ತದೆ. ಹಿಂದೆ ಬೀದಿಗೊಂದು ಮನೆಯಲ್ಲಿ ಇರುತ್ತಿತ್ತು. ಸುಮ್ಮನೆ ಕೊಡುತ್ತಿರಲಿಲ್ಲ, ನಮ್ಮದೊಂದು ತಂಬಿಗೆಯನ್ನು ಅಲ್ಲಿ ಇಟ್ಟು ತರಬೇಕಿತ್ತು. ಕೊಡಕ್ಕೆ ಅದೇನೋ ಸರಿ. ಕಿವಿಯೋಲೆ ಬಿದ್ದರೆ?

ಬಿದ್ದದ್ದು ನನ್ನ ಅಕ್ಕ ಗಿರಿಜಕ್ಕನ ಓಲೆ. ನಮ್ಮಮ್ಮನ ಕಿವಿಯಿಂದ ಅವಳ ಕಿವಿಗೆ ಬಂದ ಕೆಂಪು ಹರಳಿನ ಜೋಡಿ. ತುರುವೇಕೆರೆಯ ಆಚೆ ಅವಳ ಊರು. ಹಬ್ಬಕ್ಕೆ ಕಂಬಳಿ ಒಗೆಯಲು ಕೆರೆಗೆ ಹೋದವಳು ಮನೆಗೆ ಬಂದು ನೋಡಿಕೊಂಡರೆ ಎಡಗಿವಿ ಬರಿದು. ತಿರುಪು ಸಡಿಲವಾಗಿದೆ, ಅಕ್ಕಸಾಲಿಗೆ ತೋರಿಸಿ ಎಂದು ಅವಳು ಬಹಳ ದಿನದಿಂದ ಹೇಳುತ್ತಿದ್ದಳಂತೆ. ಅದಕ್ಕೆಲ್ಲ ಅಕ್ಕಸಾಲಿ ಯಾಕೆ, ನಾನಿಲ್ಲವೇ ಎಂದು ಭಾವನೇ ದಾರ ಸುತ್ತಿ ಬಿಗಿ ಮಾಡಿ ಕೊಟ್ಟಿದ್ದರು. ಅಕ್ಕ ಜಗಳವಾಡಲಿಲ್ಲ. ಹೊರಗೆ ಹೊರಟಾಗಲೆಲ್ಲ ಎಡಗಿವಿಯ ಮೇಲೆ ಸೆರಗು ಎಳೆದುಕೊಳ್ಳತೊಡಗಿದಳು, ಅಷ್ಟೆ. ಭಾವನಿಗೆ ಅನ್ನ ಇಳಿಯದಂತೆ ಮಾಡಿದ್ದು ಆ ಸೆರಗು.

ನನ್ನ ಭಾವ ಸುಧಾರಿಸದೆ ಬಿಟ್ಟ ವಸ್ತು ಆ ಮನೆಯಲ್ಲಿಲ್ಲ. ಚಿಕ್ಕಂದಿನಲ್ಲಿ ಓರಗೆಯವರೆಲ್ಲ ಒಣಗಿದ ತೆಂಗಿನಕಾಯಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿಯುತ್ತಿದ್ದರೆ, ಇವರು ದಡದಲ್ಲಿ ಕೂತು ಕಾಯಿ ಕಟ್ಟುವ ಗಂಟನ್ನು ಸುಧಾರಿಸುತ್ತಿದ್ದರಂತೆ. ಗಂಟು ಚೆನ್ನಾಯಿತು, ಈಜು ಬರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ.

ಭಾವ ಆನ್‌ಲೈನಿನಲ್ಲಿ ಲೋಹ ಹುಡುಕುವ ಯಂತ್ರವೊಂದನ್ನು ತರಿಸಿದರು. ಕೆಳಗೆ ತಟ್ಟೆ, ಮೇಲೆ ಡಬ್ಬಿ. ಚಿನ್ನ ಕಂಡರೆ ಕೂಗುತ್ತದೆ, ಆದರೆ ನೆಲದ ಮೇಲೆ ಮಾತ್ರ. ನೀರಿಗೆ ಅದನ್ನು ಹದಗೊಳಿಸುವ ಕೆಲಸಕ್ಕೆ ಬಿ.ಎಸ್ಸಿ. ಓದಿದ ನನ್ನನ್ನು ಕರೆಸಿಕೊಂಡರು. ತಟ್ಟೆಗೆ ಅಂಟು ಬಳಿದೆವು. ಡಬ್ಬಿಯನ್ನು ಪ್ಲಾಸ್ಟಿಕ್ ಬುತ್ತಿ ಡಬ್ಬಿಯೊಳಗೆ ಕೂರಿಸಿದೆವು. ಹಿಡಿಕೆಗೆ ಮೊದಲು ಕಟ್ಟಿದ್ದು ಕಬ್ಬಿಣದ ಪೈಪು; ಯಂತ್ರ ತನ್ನ ಹಿಡಿಕೆಯನ್ನೇ ಕಂಡು ಕೂಗಿದಾಗ ಇಬ್ಬರೂ ಮುಖ ಮುಖ ನೋಡಿಕೊಂಡು ಪ್ಲಾಸ್ಟಿಕ್ ಪೈಪು ಹಾಕಿದೆವು.

ಕೆರೆಗಿಳಿದ ದಿನ ಯಂತ್ರ ಕೂಗಿದ್ದೇ ಕೂಗಿದ್ದು. ಭಾವ ಹೋದಲ್ಲೆಲ್ಲ ಕುಂಯ್. ನಾನು ಬಗ್ಗಿ ಬಗ್ಗಿ ಕೆಸರು ಬಗೆದೆ. ಸೋಡಾ ಮುಚ್ಚಳ, ಎತ್ತಿನ ಲಾಳ, ಒಂದು ಮುರುಕು ಕುಡುಗೋಲು ಸಿಕ್ಕವು; ಹೆಚ್ಚಿನ ಕಡೆ ಏನೂ ಇಲ್ಲ. ದಡದಲ್ಲಿ ಕೂತಿದ್ದ ಅಕ್ಕ ತುಸು ಹೊತ್ತು ನೋಡಿ, "ಅದು ನಿಮ್ಮ ಸೊಂಟ ನೋಡಿ ಕೂಗ್ತಾ ಐತೆ ಕಣ್ರೀ" ಎಂದಳು.

ನಿಜ. ಭಾವನ ಸೊಂಟದಲ್ಲಿ ಮದುವೆಗೆ ಹಾಕಿದ್ದ ಬೆಳ್ಳಿಯ ಉಡಿದಾರವಿತ್ತು. ಸೊಂಟ ನೀರಿಗೆ ಹತ್ತಿರ, ತಟ್ಟೆ ಸೊಂಟಕ್ಕೆ ಹತ್ತಿರ. ಭೌತಶಾಸ್ತ್ರ ಓದಿದ ನನಗೆ ಮೊದಲೇ ಹೊಳೆಯಬೇಕಿತ್ತು. ಬಿಚ್ಚಿ ಕೊಡ್ತೀನಿ ಇಟ್ಕೋ ಎಂದು ಭಾವ ಕೈ ಹಾಕಿದರು. ನಮ್ಮಲ್ಲಿ ಗಂಡಸು ಉಡಿದಾರ ತೆಗೆಯುವುದು ಹೆಂಡತಿ ತೀರಿಕೊಂಡಾಗ.

"ನಾನಿನ್ನೂ ಇದೀನಿ. ಹೋದ್ಮೇಲೆ ಬಿಚ್ಚೀರಂತೆ, ಈಗ ಬುಡಿ" ಎಂದಳು ಅಕ್ಕ.

ಉಡಿದಾರ ಉಳಿಯಿತು, ಆದ್ದರಿಂದ ಪೈಪು ಬೆಳೆಯಿತು. ತಟ್ಟೆಯನ್ನು ಸೊಂಟದಿಂದ ದೂರ ತಳ್ಳಿದೆವು. ಉದ್ದವಾದ ಮೇಲೆ ಅದರ ಮೂತಿ ಮುಳುಗತೊಡಗಿತು. ಅದಕ್ಕೆ ತೇಲು ಬೇಕು. ನಮ್ಮ ಕಡೆ ತೇಲುವುದಕ್ಕೆ ಏನು ಕಟ್ಟುತ್ತಾರೆ? ಎರಡು ಒಣ ಕಾಯಿ, ಸಿಪ್ಪೆ ಸಮೇತ. ಭಾವ ತಮ್ಮ ಆ ಹಳೆಯ ಗಂಟನ್ನೇ ಹಾಕಿದರು.

ಮತ್ತೆ ಇಳಿದೆವು. ಮೊಣಕಾಲುದ್ದ ನೀರು, ಯಂತ್ರ ಮೌನ. ಭಾವ ಹೆಮ್ಮೆಯಿಂದ ನನ್ನತ್ತ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಮಾತು ಬರಲಿಲ್ಲ, ಭಾವನೇ ಇರಲಿಲ್ಲ.

ಬೇಸಿಗೆಯಲ್ಲಿ ಕೆರೆ ಬತ್ತಿದ್ದಾಗ ಊರವರೆಲ್ಲ ತೆಂಗಿನ ಬುಡಕ್ಕೆ ಕೆರೆಯ ತಳದ ಗೋಡುಮಣ್ಣು ತೋಡಿ ಹೊಡೆಸಿದ್ದರು. ಆಮೇಲೆ ಹೇಮಾವತಿ ನಾಲೆಯ ನೀರು ಬಂದು ಗುಂಡಿಗಳೆಲ್ಲ ಕಣ್ಮರೆಯಾದವು. ಭಾವ ಬಿದ್ದದ್ದು ತಾವೇ ಮುಂದೆ ನಿಂತು ತೋಡಿಸಿ ಟ್ರ್ಯಾಕ್ಟರು ತುಂಬಿಸಿದ್ದ ಗುಂಡಿಗೆ.

ಈಗಲೂ ರಾತ್ರಿ ಹಗಲೆನ್ನದೆ ನನ್ನ ಕಣ್ಣ ಮುಂದೆ ಬರುವುದು ಆ ಬರಿ ನೀರು. ಎರಡು ಕಾಯಿ ತೇಲುತ್ತಿವೆ, ಸುತ್ತ ಯಾರೂ ಇಲ್ಲ. ಆ ಗಳಿಗೆಯಲ್ಲಿ ನನಗೆ ತೇಲುವ ವಸ್ತುಗಳ ನಿಯಮ ಅಕ್ಷರ ತಪ್ಪದೆ ನೆನಪಾಯಿತು. ಈಜು ನೆನಪಾಗಲಿಲ್ಲ, ಕಲಿತಿದ್ದರೆ ತಾನೆ. ಹಿಂದೆ ಅಕ್ಕ "ರೀ" ಎಂದಳು, ಒಂದೇ ಸಲ, ಅಡುಗೆಮನೆಯಿಂದ ಕರೆಯುವಷ್ಟೇ ಮೆಲ್ಲಗೆ.

ಆಗ ಯಂತ್ರ ಕೂಗಿತು. ಕುಂಯ್.

ನೀರೊಳಗಿಂದ ಉಡಿದಾರ ತಟ್ಟೆಯ ಹತ್ತಿರಕ್ಕೆ ಬಂದಿತ್ತು. ಅದರ ಹಿಂದೆಯೇ ಒಂದು ಕೈ ಬಂದು ಕಾಯಿಗಳನ್ನು ತಬ್ಬಿತು. ಗಂಟು ಬಿಚ್ಚಿಕೊಳ್ಳಲಿಲ್ಲ. ಪೈಪಿನ ಈಚೆ ತುದಿ ತೇಲಿ ನನ್ನ ಕೈಗೆಟುಕಿತು. ಎಳೆದೆ. ಅಕ್ಕ ಬಂದು ನನ್ನನ್ನು ಎಳೆದಳು. ಪಾತಾಳಗರಡಿ ಕಚ್ಚಿದ ಕೊಡದ ಹಾಗೆ ಭಾವ ನೀರು ಸುರಿಸುತ್ತ ದಡಕ್ಕೆ ಬಂದರು.

ಕೆಮ್ಮಿ, ಕಕ್ಕಿ, ಉಸಿರು ಬಂದ ಮೇಲೆ ಅವರು ಆಡಿದ ಮೊದಲ ಮಾತು: "ಡಬ್ಬಿಗೆ ನೀರು ಹೋಯ್ತೇನೋ ನೋಡಪ್ಪ."

"ನಿಮ್ಮೊಳಗೆ ಎಷ್ಟು ಹೋಗಿದೆ ನೋಡ್ಕಳಿ ಮೊದ್ಲು" ಎಂದ ಅಕ್ಕ ಬೆನ್ನಿಗೆ ಗುದ್ದಿದಳು. ನೀರು ಹೊರಬರಲೆಂದು ಗುದ್ದಿದ್ದು ಎಂದು ಆಮೇಲೆ ಹೇಳಿದಳು. ಅಷ್ಟೊಂದು ಗುದ್ದು ಬೇಕಿರಲಿಲ್ಲ ಎಂಬುದು ಭಾವನ ಅಭಿಪ್ರಾಯ.

ಓಲೆ ಸಿಗಲಿಲ್ಲ. ಅಕ್ಕ ಈಗ ಬಲಗಿವಿಗೆ ಅಮ್ಮನದನ್ನೂ ಎಡಗಿವಿಗೆ ಬೇರೆಯದನ್ನೂ ಹಾಕಿಕೊಂಡು ಓಡಾಡುತ್ತಾಳೆ, ಸೆರಗು ಎಳೆದುಕೊಳ್ಳುವುದಿಲ್ಲ. ಯಂತ್ರವನ್ನು ಮಾರಲು ಬಿಟ್ಟಿಲ್ಲ. ಹಿತ್ತಿಲ ಬಾಗಿಲ ಪಕ್ಕ, ತಟ್ಟೆ ಸೊಂಟದೆತ್ತರಕ್ಕೆ ಬರುವಂತೆ ಮರದ ಗೂಟ ಹೊಡೆಸಿ ತೂಗುಹಾಕಿದ್ದಾಳೆ. ಸೆಲ್ಲು ಮುಗಿದರೆ ತಾನೇ ತರಿಸುತ್ತಾಳೆ. ಭಾವ ತೋಟದಿಂದ ಒಳಗೆ ಬಂದಾಗಲೆಲ್ಲ ಅದು ಕುಂಯ್ ಅನ್ನುತ್ತದೆ, ಅಕ್ಕ ತಲೆ ಎತ್ತದೆಯೇ ಊಟದ ತಟ್ಟೆ ಹಾಕುತ್ತಾಳೆ.

ಹೋದ ವಾರ ನಾನು ಊಟಕ್ಕೆ ಹೋಗಿದ್ದೆ. ಯಂತ್ರ ಕೂಗಿತು, ನನ್ನ ಕೈ ಮುಂದೆ ಚಾಚಿ ಸಾರಿನ ಪಾತ್ರೆಗೆ ತಗುಲಿತು. ಭಾವ ಬಾಗಿಲಲ್ಲೇ ನಿಂತು, ಬರೇ ಉಡಿದಾರಕ್ಕೆ ಕೂಗದ ಹಾಗೆ ಇದನ್ನು ಸ್ವಲ್ಪ ಸುಧಾರಿಸಬಹುದು ಎಂದು ಯಂತ್ರದತ್ತ ಕೈ ಚಾಚಿದರು.

"ಅದೊಂದನ್ನ ಮುಟ್ಬೇಡಿ" ಎಂದಳು ಅಕ್ಕ. "ಅದು ಸರಿಯಾಗೇ ಐತೆ."