ಬುಂತುವಿನಲ್ಲಿ ನಾನು ಹೇಳಿದ ಮನೆ

1995ರಲ್ಲಿ ನಾನು ಟಿ. ನರಸೀಪುರ ತಾಲ್ಲೂಕಿನಲ್ಲಿ ರೇಷ್ಮೆ ಪ್ರದರ್ಶಕಿಯಾಗಿದ್ದೆ. ದೊಡ್ಡ ಹುದ್ದೆಯೇನಲ್ಲ. ಬಸ್ಸಿನಲ್ಲಿ ಹಳ್ಳಿಗಳಿಗೆ ಹೋಗಿ, ಹುಳು ಸಾಕುವ ಮನೆಗಳನ್ನು ನೋಡಿ, ಸೊಪ್ಪು ಹೇಗೆ ಕೊಯ್ಯಬೇಕು, ತಟ್ಟೆ ಹೇಗೆ ತೊಳೆಯಬೇಕು ಎಂದು ಹೇಳಿಕೊಡುವ ಕೆಲಸ. ನನಗೆ ಚೆನ್ನಾಗಿ ಬರುತ್ತಿದ್ದದ್ದು ಚಾಕಿ. ಮೊಟ್ಟೆಯೊಡೆದು ಬಂದ ಹುಳುವನ್ನು ಮೊದಲ ದಿನಗಳಲ್ಲಿ ಎಳೆ ಸೊಪ್ಪು ಹೆಚ್ಚಿ ಹಾಕಿ ಸಾಕುವುದಕ್ಕೆ ಚಾಕಿ ಎನ್ನುತ್ತೇವೆ. ಇರುವೆಗಿಂತ ಸಣ್ಣದಾದ ಆ ಹುಳುಗಳನ್ನು ಉಳಿಸಿಕೊಟ್ಟರೆ ರೈತನಿಗೆ ಅರ್ಧ ಬೆಳೆ ಕೈಗೆ ಬಂದಂತೆ.

ಆ ವರ್ಷ ಇಂಡೋನೇಷ್ಯಾದ ಸುಲಾವೇಸಿ ದ್ವೀಪದ ಒಂದು ಬೆಟ್ಟದ ಹಳ್ಳಿಗೆ ಚಾಕಿ ಕಲಿಸಲು ನಮ್ಮ ಜಿಲ್ಲೆಯಿಂದ ಇಬ್ಬರನ್ನು ಆರಿಸಿದರು. ಒಬ್ಬಳು ನಾನು. ಇನ್ನೊಬ್ಬರು ನಂಜನಗೂಡಿನ ಶ್ರೀಕಂಠ ಅವರು, ನನಗಿಂತ ಮೇಲಿನ ಅಧಿಕಾರಿ. ಅವರ ಹಿರಿಯರು ದೇವಸ್ಥಾನದ ಸೇವೆಯಲ್ಲಿದ್ದವರು. ಇಂಗ್ಲಿಷ್ ಸೊಗಸಾಗಿ ಮಾತನಾಡುತ್ತಿದ್ದರು. ನನ್ನ ಇಂಗ್ಲಿಷ್ ಹರಕು. ಹಾಗಾಗಿ ನಾನು ಕನ್ನಡದಲ್ಲಿ ಹೇಳುವುದು, ಅವರು ಅದನ್ನು ಇಂಗ್ಲಿಷಿಗೆ ತರುವುದು, ಅಲ್ಲಿನ ಶಾಲಾ ಮೇಷ್ಟ್ರು ಹಸನ್ ತಮ್ಮ ಭಾಷೆಗೆ ತರುವುದು ಎಂದು ಏರ್ಪಾಡಾಯಿತು.

ಆ ಊರನ್ನು ಬುಂತು ಎಂದು ಕರೆಯುತ್ತೇನೆ. ಅವರ ಮಾತಿನಲ್ಲಿ ಬುಂತು ಎಂದರೆ ಬೆಟ್ಟ. ಜೀಪು ಹತ್ತುವ ದಾರಿ ಮುಗಿದ ಮೇಲೂ ಬಹಳ ಹೊತ್ತು ನಡೆಯಬೇಕಿತ್ತು. ಇಳಿಜಾರಿನಲ್ಲಿ ಮರದ ಕಂಬಗಳ ಮೇಲೆ ನಿಂತ ಮನೆಗಳು. ಮನೆಯ ಅಡಿಯಲ್ಲಿ ಸೌದೆ, ಕೋಳಿ, ಒಣಗಲು ತೂಗುಹಾಕಿದ ಜೋಳದ ತೆನೆ. ಮೇಲಕ್ಕೆ ಏಣಿ ಹತ್ತುವ ಮುನ್ನ ಕೊಡದ ನೀರಿನಲ್ಲಿ ಕಾಲು ತೊಳೆಯಬೇಕು. ಬೆಳಿಗ್ಗೆ ಮೋಡ ಬಂದು ಅಂಗಳದಲ್ಲೇ ಕೂರುತ್ತಿತ್ತು. ಕಾಫಿ, ಜೋಳ, ನಡುನಡುವೆ ಹಿಪ್ಪುನೇರಳೆ, ಸಣ್ಣದೊಂದು ಮಸೀದಿ, ಬಿದಿರಿನ ದಬ್ಬೆಗಳಲ್ಲಿ ಇಳಿದುಬರುವ ಒರತೆ ನೀರು. ಪರಂಗಿಕಾಯಿಯ ಹಾಲು ಹಾಕಿ ಎಮ್ಮೆಹಾಲನ್ನು ಒಡೆಸಿ ಗಟ್ಟಿ ಮಾಡಿ, ಬಾಳೆಲೆಯಲ್ಲಿ ಸುತ್ತಿಡುತ್ತಿದ್ದರು. ರೇಷ್ಮೆಗೆ ಅವರು ‘ಸುತೆರ’ ಎನ್ನುತ್ತಿದ್ದರು, ಊರಿಗೆ ‘ದೇಸ’, ಮೇಷ್ಟ್ರಿಗೆ ‘ಗುರು’. ಕೇಳಿದಾಗಲೆಲ್ಲ ದೂರದ ನೆಂಟರನ್ನು ಕಂಡಂತಾಗುತ್ತಿತ್ತು. ಬಡತನ ಇಲ್ಲವೆಂದಲ್ಲ. ಹುಡುಗರು ಕೂಲಿಗೆ ಮಲೇಷ್ಯಾಕ್ಕೆ ಹೋಗಿದ್ದರು. ಅಲ್ಲಿಯೂ ಮೇಲಿನವರು ಕೆಳಗಿನವರು ಇದ್ದಿರಬಹುದು. ಹೊರಗಿನವಳಾದ ನನ್ನ ಕಣ್ಣಿಗೆ ಕಾಣಲಿಲ್ಲ.

ನನ್ನನ್ನು ಇಳಿಸಿದ್ದು ರಹ್ಮಾ ಎಂಬಾಕೆಯ ಮನೆಯಲ್ಲಿ. ನಲವತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಮೊದಲ ಬೆಳಿಗ್ಗೆ ಒರತೆಗೆ ನೀರಿಗೆ ಹೋದಾಗ ನಾನು ಕೊಡ ಹಿಡಿದು ಒಂದು ಪಕ್ಕಕ್ಕೆ ನಿಂತೆ, ಬೇರೆಯವರದು ಮುಗಿಯಲಿ ಎಂದು. ಯಾರೂ ನಿಲ್ಲು ಎಂದಿರಲಿಲ್ಲ. ಅದು ನನ್ನ ಕಾಲಿಗೆ ಅಂಟಿದ ಅಭ್ಯಾಸ. ರಹ್ಮಾ ನನ್ನ ಕೈಯಿಂದ ಕೊಡ ಕಿತ್ತುಕೊಂಡು ದಬ್ಬೆಯ ಕೆಳಗಿಟ್ಟರು. ಅಡುಗೆಮನೆಯ ಬಾಗಿಲಲ್ಲೂ ಹಾಗೆಯೇ ನಿಂತಿದ್ದೆ. ಮೈಗೆ ಹುಷಾರಿಲ್ಲವೇನೋ ಎಂದುಕೊಂಡು ಹಣೆ ಮುಟ್ಟಿ ನೋಡಿ, ಒಲೆಯ ಮಗ್ಗುಲಲ್ಲಿ ಕೂರಿಸಿದರು. ಚಳಿಯೆಂದು ರಾತ್ರಿ ಅಲ್ಲೇ ಹಾಸಿಕೊಟ್ಟರು. ನನಗೆ ಆಗ ಮೂವತ್ತೊಂದು ವರ್ಷ. ನಮ್ಮ ಕೇರಿಯ ಆಚೆ ಒಂದು ಮನೆಯ ಅಡುಗೆಮನೆಯನ್ನು ಒಳಗಿನಿಂದ ನೋಡಿದ್ದು ಅದೇ ಮೊದಲು.

ಕೆಲಸ ಚೆನ್ನಾಗಿ ನಡೆಯಿತು. ಅವರ ಹುಳುಗಳು ಸಾಯುತ್ತಿದ್ದದ್ದು ಒದ್ದೆ ಸೊಪ್ಪಿನಿಂದ. ಮಂಜು ಆರುವ ಮೊದಲೇ ಕೊಯ್ದು ಹಾಕುತ್ತಿದ್ದರು. ಹೆಂಗಸರು ಒಂದೇ ಬೆಳೆಯಲ್ಲಿ ಕಲಿತುಬಿಟ್ಟರು. ಹೊರಡುವ ಮುನ್ನ ಊರಿನ ಮುಖ್ಯಸ್ಥರ ಮನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಸೇರಿದರು. ಮುಖ್ಯಸ್ಥರು ತಮ್ಮ ಊರಿನ ಕಥೆ ಹೇಳಿದರು: ಮೊದಲು ಯಾವ ಗುಡ್ಡದಲ್ಲಿದ್ದರು, ಯಾಕೆ ಇಲ್ಲಿಗೆ ಬಂದರು, ಒರತೆಯನ್ನು ಯಾರು ಕಂಡರು. ಆಮೇಲೆ, “ಈಗ ನಿಮ್ಮ ದೇಸದ ಕಥೆ ಹೇಳಿ” ಎಂದರು.

ಶ್ರೀಕಂಠ ಅವರು ಕಪಿಲೆಯ ಬಗ್ಗೆ, ನಂಜನಗೂಡಿನ ರಸಬಾಳೆಯ ಬಗ್ಗೆ ಹೇಳಿದರು. ನನ್ನ ಸರದಿ ಬಂತು.

ಅಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿರಲಿಲ್ಲ. ಹೇಳಿದ್ದರೂ ಬಹುಶಃ ಅರ್ಥವಾಗುತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ನನ್ನ ಮಾತನ್ನು ದಾಟಿಸಬೇಕಾದ ಶ್ರೀಕಂಠ. ನನ್ನ ಕೇರಿಯ ಹೆಸರು ಅವರ ಬಾಯಿಂದ ಆ ಚಾಪೆಯ ಮೇಲೆ ಬೀಳುವುದು ನನಗೆ ಬೇಡವಾಗಿತ್ತು. ಆ ಕೆಲವು ವಾರ ನಾನು ಬರಿಯ ಸುಜಾತಳಾಗಿದ್ದೆ. ಇನ್ನೊಂದು ದಿನ ಹಾಗೇ ಇರೋಣವೆನಿಸಿತು.

“ನಮ್ಮದು ತೊಟ್ಟಿಮನೆ” ಎಂದೆ.

ನಮ್ಮೂರು ಮುಡುಕುತೊರೆಗೆ ಹೋಗುವ ದಾರಿಯಲ್ಲಿ, ನಾಲೆಯ ಬಯಲಿನಲ್ಲಿದೆ. ಅಲ್ಲಿ ದೊಡ್ಡಮನೆ ಎಂದೊಂದು ಮನೆ. ಅವ್ವ ಅದರ ಕೊಟ್ಟಿಗೆ ಗುಡಿಸುತ್ತಿದ್ದಳು. ಚಿಕ್ಕವಳಿದ್ದಾಗ ಅವಳ ಜೊತೆ ಹಿತ್ತಲಿಗೆ ಹೋಗುತ್ತಿದ್ದೆ. ಜಗಲಿಯ ಎರಡು ಕಲ್ಲುಕಂಬ, ಹಸುಗಳು, ಸಿಹಿನೀರಿನ ಬಾವಿ, ಎಲ್ಲವನ್ನೂ ನಮ್ಮದೆಂದು ಹೇಳಿದೆ. ಒಳಗನ್ನು ಕಂಡಿರಲಿಲ್ಲವಾದ್ದರಿಂದ ಅದನ್ನು ಕಟ್ಟಿಕೊಂಡೆ. ಮನೆಯ ನಡುವೆ ಆಕಾಶವಿದೆ, ಮಳೆ ಬಂದರೆ ಮನೆಯೊಳಗೇ ಬೀಳುತ್ತದೆ, ಸುತ್ತ ಕೂತು ನಾವು ನೋಡುತ್ತೇವೆ ಎಂದೆ. ಶ್ರೀಕಂಠ ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದರು. ಹೆಂಗಸರು ‘ಓ’ ಎಂದರು. ಮಳೆಯ ಮಾತನ್ನು ರಹ್ಮಾ ಎರಡು ಸಲ ಹೇಳಿಸಿಕೊಂಡರು. ವಾಪಸು ಬರುವಾಗ ವಿಮಾನದಲ್ಲಿ ನಾನೂ ಶ್ರೀಕಂಠ ಅವರೂ ಹುಳುವಿನ ವಿಷಯ ಮಾತ್ರ ಮಾತನಾಡಿದೆವು.

ಅದು ಅಲ್ಲಿಗೆ ಮುಗಿಯಬೇಕಿತ್ತು. 1997ರ ಜನವರಿ ಮೊದಲ ವಾರದಲ್ಲಿ ಬುಂತುವಿನ ಕೆಲವು ಹೆಂಗಸರು ಹಸನ್ ಜೊತೆ ತರಬೇತಿಗೆಂದು ಮೈಸೂರಿಗೆ ಬಂದರು. ರಹ್ಮಾ ಇದ್ದರು. ನನ್ನನ್ನು ತಬ್ಬಿಕೊಂಡು ಅವರು ಮೊದಲು ಕೇಳಿದ್ದು ಮಳೆ ಬೀಳುವ ಮನೆಯನ್ನು. ಅವ್ವನಿಗೆಂದು ತಾವೇ ನೇಯ್ದ ರೇಷ್ಮೆ ಬಟ್ಟೆ ತಂದಿದ್ದರು. ಮಾರನೆಯ ದಿನ ಮಧ್ಯಾಹ್ನ ನಮ್ಮ ಮನೆಯಲ್ಲೇ ಊಟವೆಂದು, ನನ್ನನ್ನು ಕೇಳದೆ, ತರಬೇತಿಯವರು ಕಾರ್ಯಕ್ರಮದಲ್ಲಿ ಸೇರಿಸಿಬಿಟ್ಟಿದ್ದರು.

ಶ್ರೀಕಂಠ ಅವರು ನನ್ನನ್ನು ಪಕ್ಕಕ್ಕೆ ಕರೆದರು. ದನಿ ತಗ್ಗಿಸಿ, “ಸುಜಾತಾ ಅವರೇ, ಯೋಚನೆ ಮಾಡಬೇಡಿ. ನಂಜನಗೂಡಿನಲ್ಲಿ ನಮ್ಮದೂ ತೊಟ್ಟಿಮನೆಯೇ. ಅಲ್ಲಿಗೇ ಕರೆತನ್ನಿ. ನಿಮ್ಮ ತಾಯಿಯವರೂ ಬರಲಿ. ಅತಿಥಿಗಳಿಗೇನು, ಯಾರ ಮನೆ ಅಂತ ಗೊತ್ತಾಗುತ್ತೆ?” ಎಂದರು. ಆಮೇಲೆ ಇನ್ನಷ್ಟು ತಗ್ಗಿಸಿ, “ನಮ್ಮಮ್ಮ ಹೇಗೂ ಅಕ್ಕನ ಮನೆಗೆ ಹೋಗಿದ್ದಾರೆ” ಎಂದರು.

ಆ ಕೊನೆಯ ಮಾತು ನನಗೆ ಚುಚ್ಚಿತು. ಆದರೂ ಆಗಲಿ ಸಾರ್ ಎಂದೆ. ಅಷ್ಟು ಹೆದರಿಕೊಂಡಿದ್ದೆ.

ಸಂಜೆ ಊರಿಗೆ ಹೋದಾಗ ಅವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಿಂತುಕೊಂಡೇ ಎಲ್ಲವನ್ನೂ, ನಂಜನಗೂಡಿನ ಮನೆಯ ಮಾತನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

“ದೊಡ್ಡಮನೆಯ ನಮ್ದು ಅಂದ್ಬುಟ್ಯಾ?” ಎಂದಳು.

“ಊಂ ಕಣವ್ವ.”

ಅವಳು ಇನ್ನೊಂದಿಷ್ಟು ಕಾಯಿ ಸುಲಿದಳು. “ಬತ್ತೀನಿ ಬುಡು. ನಿನ್ ಮರ್ವಾದೆ ಓಗ್ಬಾರ್ದು ಅಂದ್ರೆ ಬತ್ತೀನಿ. ಆ ನೀಲಿ ಸ್ಯಾಲೆ ಉಟ್ಕತೀನಿ.” ಆಮೇಲೆ ಕೇಳಿದಳು: “ಅಲ್ಲಿ ನಾನು ಎಲ್ಲಿ ಕುಂತ್ಕಬೇಕು? ಕಂಬ ಗಿಂಬ ಮುಟ್ಟುದ್ರೆ ಆವಪ್ಪ ಏನೂ ಅನ್ನಾಕಿಲ್ವಾ?”

ನಾನು ಹಿತ್ತಲಿಗೆ ಹೋಗಿ ನಿಂತೆ. ಅದಕ್ಕೆ ಮುಂಚೆಯೂ ನಾಚಿಕೆಪಟ್ಟಿದ್ದೆ, ಕೇರಿಯ ಬಗ್ಗೆ, ಮಾಡಿನ ಬಗ್ಗೆ, ಅವ್ವನ ಒಡೆದ ಅಂಗಾಲಿನ ಬಗ್ಗೆ. ಇದು ಬೇರೆ. ಪರರ ಮನೆಯಲ್ಲಿ ಒಡತಿಯಂತೆ ಕೂರಲು ನನ್ನ ತಾಯಿ ಅಪ್ಪಣೆ ಕೇಳುತ್ತಿದ್ದಳು, ಅದೂ ನನ್ನ ಸಲುವಾಗಿ. ಒಳಗೆ ಬಂದು, “ಎಲ್ಲಿಗೂ ಓಗಾದು ಬ್ಯಾಡ. ಇಲ್ಲಿಗೇ ಕರ್ಕಬತ್ತೀನಿ” ಎಂದೆ.

“ಅಂಗಾದ್ರೆ ಅವರೆ ಇನ್ನೊಂದೀಟು ಬೇಕಲ್ಲ” ಎಂದಳು ಅವ್ವ.

ಬೆಳಿಗ್ಗೆ ಶ್ರೀಕಂಠ ಅವರಿಗೆ ತಿಳಿಸಿದೆ. “ನಾನು ಒಳ್ಳೇದಕ್ಕೇ ಹೇಳಿದ್ದು” ಎಂದರು. “ಗೊತ್ತು ಸಾರ್” ಎಂದೆ. ನಿಜವಾಗಿ ಒಳ್ಳೆಯದಕ್ಕೇ ಹೇಳಿದ್ದರು.

ಜೀಪು ನಮ್ಮೂರಿಗೆ ತಿರುಗಿತು. ದೊಡ್ಡಮನೆಯ ಮುಂದೆ ಬರುತ್ತಿದ್ದಂತೆ ರಹ್ಮಾ ಕಲ್ಲುಕಂಬಗಳನ್ನು ಕಂಡು ಚಪ್ಪಾಳೆ ತಟ್ಟಿ ನನ್ನ ಭುಜ ಹಿಡಿದು ಅಲುಗಿಸಿದರು. ನಾನು ಹೇಳಿದ್ದನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಜೀಪು ನಿಲ್ಲಲಿಲ್ಲ. ಅವರು ಹಿಂತಿರುಗಿ ನೋಡುತ್ತಲೇ ಇದ್ದರು. ನಾನು ಡ್ರೈವರಿನ ಬೆನ್ನು ನೋಡುತ್ತಿದ್ದೆ.

ನಮ್ಮದು ಕೇರಿಯ ಕೊನೆಯ ಸಾಲಿನ ನಾಡಹೆಂಚಿನ ಮನೆ. ಒಂದು ಕೋಣೆ, ಒಂದು ಒಲೆ, ಗೋಡೆಯಲ್ಲಿ ಅಪ್ಪ ತಂದು ಹಾಕಿದ್ದ ಬುದ್ಧನ ಪಟ. ಅವ್ವ ನೀಲಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಎಲ್ಲರೂ ಚಾಪೆಯ ಮೇಲೆ ಕೂತರು. ಶ್ರೀಕಂಠ ಅವರು ಬಾಗಿಲ ಹತ್ತಿರ ನಿಂತರು. ರಹ್ಮಾ ಸುತ್ತ ನೋಡಿ, ಮೇಲೆ ಮಾಡು ನೋಡಿ, ಹಸನ್ ಕಡೆಗೆ ತಿರುಗಿ ಏನೋ ಕೇಳಿದರು. ಮಳೆ ಎಲ್ಲಿ ಬೀಳುತ್ತದೆ ಎಂದು ಕೇಳಿದ್ದಿರಬೇಕು.

“ಸಾರ್, ಹೇಳಿಬಿಡಿ. ನಾನು ಅಲ್ಲಿ ಹೇಳಿದ್ದು ಸುಳ್ಳು. ನನ್ನ ಮನೆ ಇದು” ಎಂದೆ.

ಬುಂತುವಿನಲ್ಲಿ ಅಷ್ಟು ಸಲೀಸಾಗಿ ನನ್ನ ಸುಳ್ಳನ್ನು ದಾಟಿಸಿದ್ದ ಶ್ರೀಕಂಠ ಅವರು ಈಗ ನೆಲ ನೋಡುತ್ತ ನಿಂತರು. ಕೊನೆಗೆ ನಾನೇ ನನ್ನ ಹರಕು ಇಂಗ್ಲಿಷಿನಲ್ಲಿ ಹಸನ್‌ಗೆ ಹೇಳಿದೆ. ಆ ದೊಡ್ಡ ಮನೆ ನಮ್ಮದಲ್ಲ. ನನ್ನ ತಾಯಿ ಅಲ್ಲಿ ಕೊಟ್ಟಿಗೆ ಗುಡಿಸುತ್ತಾಳೆ. ಅದರ ಒಳಗೆ ನಮ್ಮನ್ನು ಬಿಡುವುದಿಲ್ಲ. ಯಾಕೆ ಬಿಡುವುದಿಲ್ಲ ಎಂದು ಹಸನ್ ಕೇಳಿದಾಗ, ನಾವು ಹುಟ್ಟಿದ ಜಾತಿಗಾಗಿ ಎಂದೆ. ಅವರು ಬಹಳ ಹೊತ್ತು ತೆಗೆದುಕೊಂಡು ರಹ್ಮಾಗೆ ವಿವರಿಸಿದರು.

ರಹ್ಮಾಗೆ ಕೋಪ ಬಂತು. ಕನಿಕರವನ್ನು ನಿರೀಕ್ಷಿಸಿದ್ದ ನನಗೆ ಅದು ಅನಿರೀಕ್ಷಿತ. ಹಸನ್ ಅಂಜುತ್ತಲೇ ದಾಟಿಸಿದರು: “ನೀವು ಅವರ ಒಲೆಯ ಪಕ್ಕ ಮಲಗಿದವರು. ಅವರಲ್ಲಿ ಏನು ಕಂಡು ಹೆದರಿದಿರಿ ಎಂದು ಕೇಳುತ್ತಿದ್ದಾರೆ. ಆ ಮನೆಯ ವಿಷಯವನ್ನು ಊರಿಗೆಲ್ಲ ಹೇಳಿದ್ದಾರಂತೆ. ಈಗ ಹೋಗಿ ಏನು ಹೇಳಲಿ ಎನ್ನುತ್ತಿದ್ದಾರೆ.”

ಅವ್ವನಿಗೆ ಭಾಷೆ ತಿಳಿಯದಿದ್ದರೂ ಮುಖ ತಿಳಿಯಿತು. ತಟ್ಟೆಗೆ ಮುದ್ದೆ ಹಾಕಿ, ಹಿತಕಿದ ಅವರೆಯ ಸಾರು ಬಿಟ್ಟು ರಹ್ಮಾ ಮುಂದಿಟ್ಟಳು. “ಮೊದ್ಲು ಉಣ್ಣವ್ವ, ಆಮ್ಯಾಕೆ ಬೈಯುವೆ. ಅಗೀಬ್ಯಾಡ, ನುಂಗು” ಎಂದು ತಾನೇ ಒಂದು ತುತ್ತು ನುಂಗಿ ತೋರಿಸಿದಳು. ರಹ್ಮಾ ಅಗಿದರು, ಅದು ಹಲ್ಲಿಗೆ ಮೆತ್ತಿಕೊಂಡಿತು. ಅವ್ವ ನಕ್ಕಳು. ಮೂರನೆಯ ತುತ್ತಿಗೆ ರಹ್ಮಾ ಕೂಡ.

“ಸಾ, ನೀವೂ ಉಣ್ಣಿ” ಎಂದು ಅವ್ವ ಶ್ರೀಕಂಠ ಅವರನ್ನು ಕರೆದಳು. ಅವರ ಮುಖ ನೋಡಿ, “ಬ್ಯಾಡದಿದ್ರೆ ಬುಡಿ, ಬಾಳೆಅಣ್ಣದೆ” ಎಂದಳು. ಅವರು ಹಣ್ಣು ತೆಗೆದುಕೊಂಡು ಬಾಗಿಲಲ್ಲೇ ನಿಂತು ತಿಂದರು. ಯಾಕೆ ಊಟ ಮಾಡುತ್ತಿಲ್ಲ ಎಂದು ಹಸನ್ ಕೇಳಿದಾಗ, ಹೊಟ್ಟೆ ಸರಿಯಿಲ್ಲ ಎಂದರು.

ಹೊರಡುವಾಗ ರಹ್ಮಾ ರೇಷ್ಮೆ ಬಟ್ಟೆಯನ್ನು ಅವ್ವನ ಹೆಗಲಿಗೆ ತಾವೇ ಹೊದಿಸಿ ಎರಡೂ ಕೈ ಹಿಡಿದುಕೊಂಡರು. ನನ್ನತ್ತ ಸುಮ್ಮನೆ ತಲೆ ಆಡಿಸಿದರು. ಕ್ಷಮಿಸಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಕೆಲವು ದಿನ ಕಳೆದ ಮೇಲೆ ಕಚೇರಿಯಲ್ಲಿ ಶ್ರೀಕಂಠ ಅವರು ನನ್ನ ಮೇಜಿನ ಬಳಿ ಬಂದು ನಿಂತರು. “ಅವತ್ತು ನನ್ನ ಹೊಟ್ಟೆ ಸರಿಯಾಗೇ ಇತ್ತು, ಸುಜಾತಾ ಅವರೇ” ಎಂದರು. “ಗೊತ್ತು ಸಾರ್” ಎಂದೆ. ಅವರ ಕಿವಿ ಕೆಂಪಾಗಿತ್ತು. ಆ ವಿಷಯವಾಗಿ ಅದಕ್ಕಿಂತ ಹೆಚ್ಚು ನಾವು ಎಂದೂ ಮಾತನಾಡಲಿಲ್ಲ.

ಕೆಲಸದಲ್ಲಿ ಅದು ನನ್ನನ್ನು ಒಂದು ರೀತಿಯಲ್ಲಿ ತಿದ್ದಿತು. ಹುಳುವಿಗೆ ರೋಗ ಬಂದರೆ ರೈತರು ಆ ತಟ್ಟೆಯನ್ನು ನಮ್ಮಿಂದ ಮುಚ್ಚಿಡುತ್ತಾರೆ. ಗೋಣಿ ಹೊದಿಸಿ ಮೂಲೆಗೆ ತಳ್ಳಿ, ಎಲ್ಲ ಚೆನ್ನಾಗಿದೆ ಎನ್ನುತ್ತಾರೆ. ಅಷ್ಟರಲ್ಲಿ ಮನೆಯೆಲ್ಲ ರೋಗ ಹರಡಿರುತ್ತದೆ. ಮುಂಚೆ ನಾನು ಗೋಣಿ ಎಳೆದು ಬೈಯುತ್ತಿದ್ದೆ. ಆಮೇಲೆ ಹಾಗೆ ಮಾಡಲಾಗಲಿಲ್ಲ. ಒಳಗೆ ಹೋಗಿ ಕೂರುತ್ತಿದ್ದೆ, ಕುಡಿಯಲು ನೀರು ಕೇಳುತ್ತಿದ್ದೆ, ಕಾಯುತ್ತಿದ್ದೆ. ಬಹಳ ಮಂದಿ ತಾವಾಗಿಯೇ ತಟ್ಟೆ ಹೊರಗೆ ತಂದರು. ಕೆಲವರು ನನಗೆ ನೀರನ್ನೂ ಕೊಡಲಿಲ್ಲ. ಆದರೆ ನೀರು ಕೇಳುವುದನ್ನು ನಿವೃತ್ತಿಯವರೆಗೂ ನಾನು ಬಿಡಲಿಲ್ಲ.

ಅತಿಥಿಗಳು ಹೋದ ಆ ಸಂಜೆ ಅವ್ವ ಬಟ್ಟೆಯನ್ನು ಮಡಿಸುತ್ತಿದ್ದಳು.

“ಅಲ್ಲಿ ಅಷ್ಟ್ ಜನದ ಮುಂದೆ ನನ್ನ ಏನು ಅಂತ ಯೋಳಿದ್ದೆ?” ಎಂದಳು.

ಕಂಬ ಹೇಳಿದ್ದೆ, ಬಾವಿ ಹೇಳಿದ್ದೆ, ಹಸು, ಮಳೆ ಎಲ್ಲ ಹೇಳಿದ್ದೆ. ಆ ಮನೆಯೊಳಗೆ ಅವ್ವನನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅವಳ ಮಾತನ್ನೇ ಎತ್ತಿರಲಿಲ್ಲ.

“ನಿನ್ ಇಸ್ಯ ಯೋಳ್ನಿಲ್ಲ ಕಣವ್ವ” ಎಂದೆ.

ಅವಳು ಮಡಿಕೆಯ ಅಂಚು ಸರಿಮಾಡಿದಳು. “ಓಗ್ಲಿ ಬುಡು. ಆ ಸುಳ್ಳಲ್ಲಿ ನಾನಿಲ್ವಲ್ಲ, ಅಷ್ಟೇ ಸಾಕು.”