ವಿಮಲತ್ತೆಯ ಹನ್ನೆರಡು ಫ್ಲಾಪಿಗಳು

ಓದಿ ನೋಡದೆಯೇ ಕಸವೆಂದು ತೀರ್ಮಾನಿಸಿದ ಅಪರಾಧವನ್ನು ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯ ಆಡಳಿತ ಮಂಡಳಿಯ ಮೇಲೆ ನಾನು ನೇರವಾಗಿ ಹೊರಿಸುತ್ತಿದ್ದೇನೆ. ಶಾಲೆಯ ಹೆಸರು ಬರೆಯುವುದಿಲ್ಲ. ಈ ಸಾಲು ಕಣ್ಣಿಗೆ ಬಿದ್ದರೆ ಅವರಿಗೇ ತಿಳಿಯುತ್ತದೆ. ನನ್ನ ಸೋದರತ್ತೆ ವಿಮಲಾ ಅಲ್ಲಿ ಗಣಿತ ಕಲಿಸುತ್ತಿದ್ದರು. ಮನೆಯ ಊಟದ ಮೇಜಿನ ಮೇಲಿದ್ದ ಪುಟ್ಟ ಕಂಪ್ಯೂಟರಿನಲ್ಲಿ ಅವರು ವರ್ಷಗಟ್ಟಲೆ ಕನ್ನಡದಲ್ಲಿ ಬರೆದ ಗಣಿತ ಪಾಠಗಳ ಹನ್ನೆರಡು ಫ್ಲಾಪಿಗಳು, ಕಟ್ಟಡಕ್ಕೆ ಸುಣ್ಣಬಣ್ಣ ಬಳಿಯುವ ಮುನ್ನ ಸಿದ್ಧವಾದ ಗುಜರಿ ಪಟ್ಟಿಯಲ್ಲಿ, ಮುರಿದ ಬೆಂಚುಗಳಿಗೂ ತುಕ್ಕು ಹಿಡಿದ ಫ್ಯಾನುಗಳಿಗೂ ನಡುವೆ, ‘ನಿರುಪಯುಕ್ತ’ ಎಂಬ ಷರಾ ಹೊತ್ತು ಕುಳಿತಿವೆ.

ಕೇಳಲು ಹೋದಾಗ ಕಚೇರಿಯ ಗುಮಾಸ್ತರು ಸಜ್ಜನಿಕೆಯಿಂದಲೇ ನಕ್ಕರು. “ಮೇಡಂ, ಇದನ್ನ ಓದೋ ಮಿಷನ್ನೇ ಇಲ್ವಲ್ಲ, ಇಟ್ಕೊಂಡು ಏನ್ ಮಾಡೋಣ? ಒಂದು ಬೇಕಾದ್ರೆ ತಗೊಂಡ್ಹೋಗಿ. ಓದ್ಸಿ ತೋರ್ಸಿ, ಆಮೇಲೆ ಸೆಕ್ರೆಟರಿ ಸಾರ್ ಹತ್ರ ಮಾತಾಡೋಣ.”

ಓದುವ ಯಂತ್ರ ಇತ್ತು. ಅತ್ತೆಯ ಮನೆಯದರ ಜೋಡಿ ಯಂತ್ರವೊಂದು ಶಾಲೆಯಲ್ಲೂ ಇತ್ತು. ಹೆಚ್ಚು ಹಿಡಿಸುವ ಹೊಸ ಫ್ಲಾಪಿಗಳಿಗಾಗಿ ಅದಕ್ಕೆ ವೇಗದ ಕಂಟ್ರೋಲರ್ ಜೋಡಿಸಿ, ಪಾಠಗಳನ್ನೆಲ್ಲ ಅದರಲ್ಲೇ ನಕಲು ಮಾಡಿಡಲಾಗಿತ್ತು. ಆ ಯಂತ್ರವನ್ನು ಹಿಂದೊಮ್ಮೆ ಗುಜರಿಗೆ ಹಾಕಿದವರೂ ಇದೇ ಮಂಡಳಿಯವರು. ದೀಪವನ್ನು ತಾವೇ ಆರಿಸಿ, ಕತ್ತಲಲ್ಲಿ ಪುಸ್ತಕವೇಕೆ ಎಂದು ಕೇಳುವ ಜಾಣತನವಿದು.

ಗೆಳೆಯರೇ, ಕಂಟ್ರೋಲರ್ ಎಂಬ ಪದಕ್ಕೆ ಗಾಬರಿಯಾಗಬೇಡಿ. ಫ್ಲಾಪಿ ತಿರುಗುತ್ತ ತನ್ನೊಳಗಿನದನ್ನು ಒಂದೇ ಉಸಿರಿಗೆ ಒಪ್ಪಿಸುತ್ತದೆ. ಅದನ್ನು ಕೇಳಿಸಿಕೊಂಡು ಕಂಪ್ಯೂಟರಿಗೆ ತಿಳಿಯುವಂತೆ ಹೇಳುವ ಚಿಪ್ ಅದು. ಆರ್‌ಪಿಸಿ ಲೇಔಟಿನ ಅತ್ತೆಯ ಮನೆಯಲ್ಲಿ ಡ್ರೈವನ್ನು ಎಂದೋ ಹೊಸದಕ್ಕೆ ಬದಲಿಸಿದ್ದರೂ ಚಿಪ್ ಮಾತ್ರ ಹಳೆಯದೇ ಉಳಿದಿತ್ತು. ಇಮ್ಮಡಿ ವೇಗದಲ್ಲಿ ಒಪ್ಪಿಸುವ ಫ್ಲಾಪಿಯ ಮುಂದೆ ಅದು, ಉಕ್ತಲೇಖನದಲ್ಲಿ ಹಿಂದೆ ಬಿದ್ದ ಮಗುವಿನಂತೆ, ಪ್ರತಿಸಲವೂ ಕೈಚೆಲ್ಲುತ್ತಿತ್ತು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕಿ ತಂದ ವೇಗದ ಚಿಪ್ಪನ್ನೂ ಅದಕ್ಕೆ ತಾಳ ಹಾಕುವ ಕ್ರಿಸ್ಟಲನ್ನೂ ನಾನು ಅಂಗೈಯಗಲದ ಬೋರ್ಡಿನ ಮೇಲೆ ಬೆಸೆಯುತ್ತಿದ್ದ ಭಾನುವಾರಗಳಲ್ಲಿ, ಅತ್ತೆ ಎದುರಿಗೆ ಕುಳಿತು ಅವರೆಕಾಳು ಹಿಸುಕುತ್ತಿದ್ದರು.

“ಅದೇನ್ ಎಂಬ್ರಾಯ್ಡರಿ ಮಾಡ್ತಿದೀಯೋ ಏನೋ. ಎಂ.ಎ. ಓದ್ಸಿದ್ದು ಇದಕ್ಕಾ?”

ಬೋರ್ಡು ಮುಗಿಯಿತು, ಫ್ಲಾಪಿ ಓದಲಿಲ್ಲ. ನನ್ನ ಬೆಸುಗೆಯನ್ನೇ ಶಂಕಿಸಿ ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ ಎರಡು ವಾರ ಸವೆಸಿದ ಮೇಲೆ ಡ್ರೈವಿನ ಮುಚ್ಚಳ ತೆಗೆದೆ. ಓದುವ ಸೂಕ್ಷ್ಮವಾದ ಹೆಡ್ಡಿನ ಸುತ್ತ ಕೆಂಪು ಪುಡಿ ಕೆನೆಗಟ್ಟಿ ಕುಳಿತಿತ್ತು.

“ಅದು ನಂದೇ ಕಣೇ,” ಎಂದರು ಅತ್ತೆ. “ಆಯುಧಪೂಜೆಗೆ ಎಲ್ಲಕ್ಕೂ ಹಣೆಗೆ ಕುಂಕುಮ ಇಡ್ತೀನಲ್ಲ. ಇದಕ್ಕೆ ಹಣೆ ಯಾವುದು ಅಂತ ಗೊತ್ತಾಗ್ದೆ ಬಾಯಿಗೇ ಇಟ್ಟಿದೀನಿ.”

ಇಯರ್‌ಬಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸುತ್ತ ಒರೆಸುತ್ತ ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಉತ್ತರದಾಯಿತ್ವವೆಂಬ ಪದವನ್ನು ವಿಶ್ವವಿದ್ಯಾಲಯದಲ್ಲಿ ಎಷ್ಟೋ ಪುಟಗಳಿಗೆ ಎಳೆದು ಬರೆದವಳು ನಾನು. ಅದು ಅವರೆಕಾಳು ಹಿಸುಕುತ್ತ ಆಡಬಹುದಾದಷ್ಟು ಚಿಕ್ಕ ವಾಕ್ಯವೆಂದು ಯಾವ ಅಧ್ಯಾಪಕರೂ ತಿಳಿಸಿರಲಿಲ್ಲ. ಅಕ್ಕರೆಯೂ ಕೆಡಿಸುತ್ತದೆ, ನಿಜ. ಆದರೆ ಅಕ್ಕರೆಯಿಂದ ಕೆಡಿಸಿದವರು ಸ್ಪಿರಿಟ್ಟಿನ ಬಾಟಲಿಯನ್ನೂ ತಾವೇ ಎದ್ದು ತಂದುಕೊಡುತ್ತಾರೆ.

ಈ ಸಲ ಡ್ರೈವ್ ಗೊಣಗಿತು, ತಡೆಯಿತು, ಓದಿತು. ಕನ್ನಡದ ಅಕ್ಷರಗಳೇ ಇಲ್ಲದ ಯಂತ್ರಕ್ಕಾಗಿ ಅತ್ತೆ ಚೌಕುಳಿ ಪುಸ್ತಕದಲ್ಲಿ ರಂಗೋಲಿಯ ಹಾಗೆ ಚುಕ್ಕಿ ಚುಕ್ಕಿಯಾಗಿ ಬಿಡಿಸಿದ್ದ ಅಕ್ಷರಗಳು ಪರದೆಯ ಮೇಲೆ ಸಾಲುಗಟ್ಟಿದವು: ‘ಸೇವಂತಿಗೆ ಮಾಲೆಯ ಒಂದು ಮೊಳಕ್ಕೆ ೧೮ ಹೂವಾದರೆ, ೭ ಮೊಳಕ್ಕೆ ಎಷ್ಟು?’ ಪೊರೆ ಬಂದ ಕಣ್ಣಿಗೆ ಹದಿನೆಂಟು ಹದಿನಾರಾಗಿ ಕಂಡಿರಬೇಕು. ಅತ್ತೆ ನೂರಹನ್ನೆರಡು ಎಂದು ಒತ್ತಿದರು. ‘ಪರವಾಗಿಲ್ಲ ಪುಟ್ಟಿ, ಇನ್ನೊಂದು ಸಲ ನೋಡು’ ಎಂದಿತು ಯಂತ್ರ.

“ನೋಡೇ, ನಂಗೇ ಹೇಳ್ತಿದೆ,” ಎಂದು ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡರು. ‘ತಪ್ಪು’ ಎಂದು ಯಾಕೆ ಬರೆಯಲಿಲ್ಲವೆಂದು ಕೇಳಿದೆ. “ಅದನ್ನ ಹೇಳೋಕೆ ಆ ಮಕ್ಕಳಿಗೆ ಮನೇಲೇ ಬೇಕಾದಷ್ಟು ಜನ ಇದ್ರು.” ಆಮೇಲೆ ಮೆಲ್ಲಗೆ, “ಉಳಿದ ಹನ್ನೊಂದೂ ಸಿಗತ್ತೇನೇ?” ಎಂದರು.

ಅದಕ್ಕೆ ಉತ್ತರ ಹೇಳಬೇಕಾದವರು ಬೇರೆ. ಆದ್ದರಿಂದ ಸದರಿ ಆಡಳಿತ ಮಂಡಳಿಯ ಕಾರ್ಯದರ್ಶಿಗಳಲ್ಲಿ ನನ್ನ ವಿಧ್ಯುಕ್ತ ವಿನಂತಿ: ಒಂದು ಫ್ಲಾಪಿ ಓದಿಯಾಗಿದೆ, ಬಂದು ನೋಡಬಹುದು. ಗುಜರಿಯವರು ಬರಲಿರುವ ಸೋಮವಾರಕ್ಕೆ ಮುನ್ನ ಉಳಿದ ಹನ್ನೊಂದನ್ನು ಪಟ್ಟಿಯಿಂದ ತೆಗೆದು ಹತ್ತು ದಿನಗಳ ಮಟ್ಟಿಗೆ ನಮ್ಮ ವಶಕ್ಕೆ ಕೊಡಿ. ಓದಿ, ನಕಲು ಮಾಡಿ, ಮೂಲವನ್ನು ರಸೀದಿ ಸಮೇತ ಹಿಂದಿರುಗಿಸುತ್ತೇನೆ. ‘ನಿರುಪಯುಕ್ತ’ ಎಂಬ ಷರಾ ಬರೆದವರು ಯಾರು, ಯಾವ ಪರಿಶೀಲನೆಯ ಆಧಾರದ ಮೇಲೆ ಬರೆದರು ಎಂಬುದನ್ನು ಲಿಖಿತವಾಗಿ ತಿಳಿಸಿ. ಉತ್ತರವನ್ನು ಶ್ರೀಮತಿ ವಿಮಲಾ ಅವರ ಹೆಸರಿಗೇ ಕಳುಹಿಸಿ, ಅವರೇ ಓದಿಕೊಳ್ಳುವಷ್ಟು ದೊಡ್ಡ ಅಕ್ಷರಗಳಲ್ಲಿ.